ಅರೆಕಾಲಿಕ ಪಿಎಚ್.ಡಿ. ಸಂಶೋಧನೆ - ಜೈವಿಕ ಸಂಖ್ಯಾಶಾಸ್ತ್ರ ಮತ್ತು ಕಾರ್ಯಕಾರಣ ನಿರ್ಣಯ: ಅರ್ಜಿದಾರರ ಮಾಹಿತಿಗಾಗಿ

ಸೇವೆಯಲ್ಲಿದ್ದುಕೊಂಡೇ ವಿಶ್ವವಿದ್ಯಾಲಯಗಳಲ್ಲಿ ಜೈವಿಕ ಸಂಖ್ಯಾಶಾಸ್ತ್ರ ವಿಷಯದಲ್ಲಿ ಅರೆಕಾಲಿಕವಾಗಿ ಪಿಎಚ್.ಡಿ. ಸಂಶೋಧನೆ ಕೈಗೊಳ್ಳಲು ಇಚ್ಛಿಸುವ ವೈದ್ಯಾಧಿಕಾರಿಗಳು, ಸಾಂಖ್ಯಿಕ ಸಿಬ್ಬಂದಿ, ಅಧ್ಯಾಪಕರು ಹಾಗೂ ಇತರ ಉದ್ಯೋಗಿಗಳ ಮಾಹಿತಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ನಿರಾಕ್ಷೇಪಣಾ ಪತ್ರ ಕೋರುವ ನೌಕರರು ಮತ್ತು ಇಲಾಖೆಯ ದಾಖಲೆಗಳಲ್ಲಿನ ಅಂಕಿ-ಅಂಶ ಕೋರುವ ಸಂಶೋಧಕರು ಅರ್ಜಿ ಸಲ್ಲಿಸುವ ಮುನ್ನ ಇದನ್ನು ಪೂರ್ತಿಯಾಗಿ ಓದಿಕೊಳ್ಳುವಂತೆ ಕೋರಲಾಗಿದೆ.

ಈ ಶಾಖೆಯಿಂದ ಹಿಂತಿರುಗಿಸಲ್ಪಡುವ ಅರ್ಜಿಗಳಲ್ಲಿ ಹೆಚ್ಚಿನವು ಲಗತ್ತುಗಳ ಕೊರತೆಯಿಂದ ಹಿಂತಿರುಗುವುದಿಲ್ಲ. 'ಸಂಶೋಧನಾ ವಿಷಯ' ಎಂಬ ಕಲಂ ಎದುರು ಬರೆದಿರುವುದು ಅಸ್ಪಷ್ಟವಾಗಿರುವುದೇ ಕಾರಣ. 'ತಾಯಂದಿರ ಆರೋಗ್ಯದ ಮೇಲೆ ಸರ್ಕಾರಿ ಯೋಜನೆಗಳ ಪ್ರಭಾವ - ಒಂದು ಅಧ್ಯಯನ' ಎಂದಷ್ಟೇ ಬರೆದರೆ ಯಾವ ಯೋಜನೆ, ಯಾರ ಆರೋಗ್ಯ, ಯಾರೊಂದಿಗೆ ಹೋಲಿಕೆ, ಯಾವ ಅವಧಿ, ಯಾವ ದಾಖಲೆ ಎಂಬುದು ತಿಳಿಯುವುದಿಲ್ಲ. ಅದು ತಿಳಿಯದೆ ನೌಕರರನ್ನು ಎಷ್ಟು ಕಾಲ ಕರ್ತವ್ಯದಿಂದ ಬಿಡುಗಡೆಗೊಳಿಸಬೇಕಾದೀತು, ಯಾವ ಕಚೇರಿಯ ದಾಖಲೆ ಕೇಳಬೇಕಾದೀತು, ನೈತಿಕ ಸಮಿತಿಯ ಅನುಮೋದನೆ ಬೇಕೇ ಎಂಬ ಯಾವ ಪ್ರಶ್ನೆಗೂ ಟಿಪ್ಪಣಿ ಮಂಡಿಸಲು ಬರುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ಮೊದಲು ಸ್ಪಷ್ಟವಾಗಿ ಬರೆಯುವುದು, ಅನುಮತಿಗಳನ್ನು ನಂತರ ಕೋರುವುದು, ವಿಶ್ವವಿದ್ಯಾಲಯದ ಪ್ರವೇಶವನ್ನು ಇವೆರಡೂ ಒಂದು ಹಂತಕ್ಕೆ ಬಂದ ಮೇಲೆ ಪಡೆಯುವುದು ಸೂಕ್ತ. ಕಾರಣ, ಪ್ರವೇಶ ಪಡೆದ ದಿನದಿಂದಲೇ ಕಾಲಮಿತಿಯ ಲೆಕ್ಕ ಆರಂಭವಾಗುತ್ತದೆ; ಅನುಮತಿಗಾಗಿ ಕಾಯ್ದ ದಿನಗಳನ್ನು ಆ ಲೆಕ್ಕದಿಂದ ಯಾರೂ ಕಳೆದುಕೊಡುವುದಿಲ್ಲ.

ವಿಷಯದ ಪರಿಚಯ

ರೋಗ, ಚಿಕಿತ್ಸೆ, ಜನನ, ಮರಣ ಮುಂತಾದವುಗಳಿಗೆ ಸಂಬಂಧಿಸಿದ ಅಂಕಿ-ಅಂಶಗಳನ್ನು ಸಂಗ್ರಹಿಸುವ, ವಿಶ್ಲೇಷಿಸುವ ಶಾಸ್ತ್ರವೇ ಜೈವಿಕ ಸಂಖ್ಯಾಶಾಸ್ತ್ರ. ವಿಶ್ವವಿದ್ಯಾಲಯಗಳಲ್ಲಿ ಇದನ್ನು ಬಯೋಸ್ಟ್ಯಾಟಿಸ್ಟಿಕ್ಸ್ ಎಂದೇ ಕರೆಯುವುದು ವಾಡಿಕೆ. ಅದರೊಳಗಿನ ಒಂದು ಶಾಖೆ ಕಾಸಲ್ ಇನ್ಫರೆನ್ಸ್, ಅರ್ಥಾತ್ ಕಾರ್ಯಕಾರಣ ನಿರ್ಣಯ. ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದಾಗ ಒಂದು ಇನ್ನೊಂದಕ್ಕೆ ಕಾರಣವೇ, ಅಥವಾ ಎರಡಕ್ಕೂ ಮೂರನೆಯದೊಂದು ಕಾರಣವಿದೆಯೇ ಎಂಬುದನ್ನು ನಿರ್ಣಯಿಸುವುದು ಇದರ ಉದ್ದೇಶ.

ಮೂಲ ತೊಡಕು ಸರಳವಾಗಿದೆ. ಒಬ್ಬ ರೋಗಿಗೆ ಔಷಧಿ ಕೊಡಲಾಯಿತು, ಅವರು ಗುಣಮುಖರಾದರು. ಅದೇ ರೋಗಿಗೆ ಅದೇ ದಿನ ಔಷಧಿ ಕೊಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಯಾವ ರಿಜಿಸ್ಟರಿನಲ್ಲಿಯೂ ದಾಖಲಾಗಿರುವುದಿಲ್ಲ. ವಾಣಿಜ್ಯ ವಿಷಯ ಓದಿದವರಿಗೆ ಇದು ಅಪರಿಚಿತವಲ್ಲ: ಹಣವನ್ನು ಒಂದು ಕಡೆ ತೊಡಗಿಸಿದಾಗ ಕೈಬಿಟ್ಟ ಇನ್ನೊಂದು ಅವಕಾಶದ ಲಾಭವು ಯಾವ ಖಾತೆಯಲ್ಲಿಯೂ ಜಮೆಯಾಗುವುದಿಲ್ಲ, ಆದರೂ ನಿರ್ಧಾರ ಸರಿಯೋ ತಪ್ಪೋ ಎಂಬುದು ಅದರ ಮೇಲೆಯೇ ನಿಂತಿರುತ್ತದೆ. ಕಾಣದಿರುವ ಆ ಫಲಿತಾಂಶಕ್ಕೆ ಬದಲಾಗಿ ಯಾರ ಫಲಿತಾಂಶವನ್ನು ಇಟ್ಟು ಹೋಲಿಸುವುದು ನ್ಯಾಯಸಮ್ಮತ ಎಂಬುದೇ ಈ ಶಾಸ್ತ್ರದ ವಿಚಾರ. ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಕೆಲವರಿಗೆ ಚಿಕಿತ್ಸೆ ನೀಡಿ ಕೆಲವರಿಗೆ ನೀಡದಿರುವ ಪ್ರಯೋಗವು ಈ ಹೋಲಿಕೆಯನ್ನು ಸುಲಭಗೊಳಿಸುತ್ತದೆ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕುರಿತು ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ಪ್ರಸಿದ್ಧ ಉದಾಹರಣೆ. ಆದರೆ ಉದ್ಯೋಗದಲ್ಲಿದ್ದು ಸಂಶೋಧನೆ ಮಾಡುವವರು ಸಾಮಾನ್ಯವಾಗಿ ಪ್ರಯೋಗ ನಡೆಸುವ ಸ್ಥಿತಿಯಲ್ಲಿರುವುದಿಲ್ಲ. ಈಗಾಗಲೇ ದಾಖಲಾಗಿರುವ ಅಂಕಿ-ಅಂಶಗಳಿಂದಲೇ ನಿರ್ಣಯಕ್ಕೆ ಬರಬೇಕಾಗುತ್ತದೆ. ಡೊನಾಲ್ಡ್ ರೂಬಿನ್, ಜೇಮ್ಸ್ ರಾಬಿನ್ಸ್, ಜೂಡಿಯಾ ಪರ್ಲ್ ಮೊದಲಾದವರು 1970ರ ದಶಕದಿಂದೀಚೆಗೆ ರೂಪಿಸಿದ ವಿಧಾನಗಳು ಬಹುತೇಕ ಇಂತಹ ಸಂದರ್ಭಕ್ಕೇ ಅನ್ವಯಿಸುತ್ತವೆ.

ರಾಜ್ಯದ್ದೇ ಒಂದು ಉದಾಹರಣೆ

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದ ಗಂಭೀರ ಕಾಯಿಲೆಗಳಿಗೆ ಉನ್ನತ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊದಲು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ, 2012ರಲ್ಲಿ ದಕ್ಷಿಣದ ಜಿಲ್ಲೆಗಳಿಗೂ ವಿಸ್ತರಣೆಯಾಯಿತು. (ಸದರಿ ಯೋಜನೆಯು ಈಗ ಆ ಹೆಸರಿನಲ್ಲಿ ಜಾರಿಯಲ್ಲಿಲ್ಲ.) ಈ ಯೋಜನೆಯಿಂದ ಸಾವು ಕಡಿಮೆಯಾಯಿತೇ ಎಂಬುದು ಪ್ರಶ್ನೆ.

ಮೊದಲು ಹೊಳೆಯುವ ವಿಧಾನವೆಂದರೆ ಯೋಜನೆಯಡಿ ಚಿಕಿತ್ಸೆ ಪಡೆದವರನ್ನು ಪಡೆಯದವರೊಂದಿಗೆ ಹೋಲಿಸುವುದು. ಈ ಶಾಖೆಗೆ ಬರುವ ಪ್ರಸ್ತಾವನೆಗಳಲ್ಲಿ ಅರ್ಧಕ್ಕೂ ಹೆಚ್ಚು ಇದೇ ಮಾದರಿಯವು. ಆದರೆ ಹೃದ್ರೋಗ ಅಥವಾ ಕ್ಯಾನ್ಸರ್ ಬಂದವರೇ ಯೋಜನೆಯ ಬಾಗಿಲಿಗೆ ಬರುವುದರಿಂದ ಚಿಕಿತ್ಸೆ ಪಡೆದವರಲ್ಲಿಯೇ ಸಾವು ಹೆಚ್ಚಾಗಿ ಕಾಣುತ್ತದೆ. ಹಾಗೆಂದು ಯೋಜನೆಯಿಂದ ಜನ ಸತ್ತರೆಂದು ಬರೆಯಲಾಗುವುದಿಲ್ಲ. ಉತ್ತರದ ಜಿಲ್ಲೆಗಳನ್ನು ಒಟ್ಟಾರೆಯಾಗಿ ದಕ್ಷಿಣದ ಜಿಲ್ಲೆಗಳೊಂದಿಗೆ ಹೋಲಿಸಿದರೂ ಸರಿಯಾಗದು. ಕಲಬುರಗಿಗೂ ಮೈಸೂರಿಗೂ ಮಳೆ, ಆಹಾರ, ಆದಾಯ, ಆಸ್ಪತ್ರೆಗಳ ದೂರ ಎಲ್ಲವೂ ಬೇರೆ.

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವು ಯೋಜನೆ ಜಾರಿಯಾದ ಮತ್ತು ಇನ್ನೂ ಜಾರಿಯಾಗದ ಜಿಲ್ಲೆಗಳ ನಡುವಿನ ಗಡಿಯನ್ನೇ ಆರಿಸಿಕೊಂಡಿತು. ನೀರಜ್ ಸೂದ್ ಮತ್ತು ಸಂಗಡಿಗರ ಈ ತಂಡದಲ್ಲಿ ಬೆಂಗಳೂರಿನ ಐಐಎಂ ಸಂಸ್ಥೆಯ ಅರ್ನಾಬ್ ಮುಖರ್ಜಿ ಅವರೂ ಇದ್ದರು. ಗಡಿಯ ಆಚೀಚೆ ಇರುವ 572 ಗ್ರಾಮಗಳನ್ನು ಸಮೀಕ್ಷೆಗೆ ಒಳಪಡಿಸಲಾಯಿತು: ಯೋಜನೆ ಜಾರಿಯಲ್ಲಿದ್ದ 300 ಗ್ರಾಮಗಳು ಒಂದು ಕಡೆ, ಜಾರಿಯಾಗದ 272 ಗ್ರಾಮಗಳು ಇನ್ನೊಂದು ಕಡೆ. ಗಡಿಯ ಇಕ್ಕೆಲದ ಗ್ರಾಮಸ್ಥರು ಒಂದೇ ಸಂತೆಗೆ ಹೋಗುವವರು, ಒಂದೇ ಬರಗಾಲ ಕಂಡವರು. ಒಂದು ಆಡಳಿತಾತ್ಮಕ ಗೆರೆಯ ಹೊರತಾಗಿ ಅವರ ನಡುವೆ ದೊಡ್ಡ ಭೇದವಿಲ್ಲ ಎಂಬುದು ಈ ಹೋಲಿಕೆಯ ತಿರುಳು. ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಮರಣ ಪ್ರಮಾಣವು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ, ಯೋಜನೆಯಿದ್ದ ಕಡೆ ಶೇ. 0.32 ಮತ್ತು ಇಲ್ಲದ ಕಡೆ ಶೇ. 0.90 ಎಂದು ಕಂಡುಬಂದಿತು. ವ್ಯತ್ಯಾಸವು ಶೇ. 64ರಷ್ಟು.

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದದ್ದು ಮುಂದಿನ ಹಂತವನ್ನು. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳೂ ಅದೇ ಗ್ರಾಮಗಳಲ್ಲಿದ್ದವು. ಗಡಿಯ ಎರಡು ಕಡೆಯ ನೀರು, ಗಾಳಿ ಅಥವಾ ಆಸ್ಪತ್ರೆಗಳೇ ಬೇರೆಯಾಗಿದ್ದು ಅದರಿಂದ ಸಾವಿನ ಪ್ರಮಾಣ ಬೇರೆಯಾಗಿದ್ದರೆ ಈ ಕುಟುಂಬಗಳಲ್ಲಿಯೂ ವ್ಯತ್ಯಾಸ ಕಾಣಬೇಕಿತ್ತು. ಅವರಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ತನ್ನ ನಿರ್ಣಯ ತಪ್ಪಾಗಿದ್ದರೆ ಅದು ಎಲ್ಲಿ ಬಯಲಾಗುತ್ತದೆಯೋ ಅಲ್ಲಿಯೇ ಹೋಗಿ ಪರೀಕ್ಷಿಸಿದ ಈ ಕ್ರಮವು ಲೆಕ್ಕಪರಿಶೋಧನೆಯ ಕ್ರಮವೂ ಹೌದು. ಇಷ್ಟಾಗಿಯೂ, ಗೆರೆಯ ಎರಡು ಕಡೆ ಬೇರೆ ಯಾವ ಸಂಗತಿಯೂ ಭಿನ್ನವಾಗಿರಲಿಲ್ಲ ಎಂಬ ಊಹೆಯೊಂದು ಉಳಿದೇ ಇರುತ್ತದೆ. ಪ್ರಯೋಗವಲ್ಲದ ಅಧ್ಯಯನದಲ್ಲಿ ಇಂತಹ ಊಹೆ ಇಲ್ಲದಿರುವುದಿಲ್ಲ. ಅದನ್ನು ಅರ್ಜಿಯಲ್ಲಿಯೇ ಬರೆದು ತೋರಿಸಿದರೆ ಪ್ರಸ್ತಾವನೆಯ ಬೆಲೆ ಕಡಿಮೆಯಾಗುವುದಿಲ್ಲ.

ವಿಧಾನದ ಆಯ್ಕೆಯಿಂದ ಉತ್ತರವೇ ಬದಲಾಗಬಹುದು ಎಂಬುದಕ್ಕೆ ಇನ್ನೊಂದು ಉದಾಹರಣೆ, 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರಿಗೆ ನಗದು ನೆರವು ನೀಡುವ ಈ ಯೋಜನೆಯನ್ನು ಕುರಿತು ಜಿಲ್ಲಾ ಮಟ್ಟದ ಕುಟುಂಬ ಸಮೀಕ್ಷೆಗಳ ಅಂಕಿ-ಅಂಶ ಬಳಸಿ ನಡೆಸಿದ ಮೌಲ್ಯಮಾಪನವು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಶೋಧಕರು ಮೂರು ವಿಧಾನಗಳನ್ನು ಅನುಸರಿಸಿದ್ದರು. ನೆರವು ಪಡೆದ ತಾಯಿಯನ್ನು ಎಲ್ಲ ವಿಧದಲ್ಲೂ ಹೋಲುವ, ನೆರವು ಪಡೆಯದ ತಾಯಿಯೊಂದಿಗೆ ಜೋಡಿಸಿ ನೋಡಿದಾಗ ಪ್ರತಿ 1,000 ಜೀವಂತ ಜನನಗಳಿಗೆ ನವಜಾತ ಶಿಶುಗಳ ಸಾವು 2.3ರಷ್ಟು ಕಡಿಮೆ ಎಂದು ಕಂಡಿತು. ಎರಡನೆಯ ವಿಧಾನದಲ್ಲಿ 2.4ರಷ್ಟು. ಜಿಲ್ಲೆಯಿಂದ ಜಿಲ್ಲೆಗೆ, ಮೊದಲಿಗೂ ನಂತರಕ್ಕೂ ಆದ ಬದಲಾವಣೆಯನ್ನು ಹೋಲಿಸಿದ ಮೂರನೆಯ ವಿಧಾನದಲ್ಲಿ ಮಾತ್ರ ಖಚಿತವಾಗಿ ಹೇಳಬಹುದಾದ ಇಳಿಕೆ ಕಾಣಲಿಲ್ಲ. ಮೂರನ್ನೂ ಒಂದೇ ಲೇಖನದಲ್ಲಿ ಪ್ರಕಟಿಸಿರುವುದು ಆ ಸಂಶೋಧಕರ ಪ್ರಾಮಾಣಿಕತೆ. ಅನುಕೂಲವಾದ ಒಂದನ್ನು ಮಾತ್ರ ತೋರಿಸಿ ಉಳಿದದ್ದನ್ನು ಕಡತದಲ್ಲಿಯೇ ಬಿಡುವ ಅಭ್ಯಾಸವು ಸಂಶೋಧನೆಯಲ್ಲಿಯೂ ಇದೆ, ಕಚೇರಿಗಳಲ್ಲಿಯೂ ಇದೆ.

'ಸಂಶೋಧನಾ ವಿಷಯ' ಕಲಂ ತುಂಬುವ ವಿಧಾನ

ಮಿಗೆಲ್ ಹೆರ್ನಾನ್ ಮತ್ತು ಜೇಮ್ಸ್ ರಾಬಿನ್ಸ್ ಅವರು 2016ರಲ್ಲಿ ವಿವರಿಸಿದ ಒಂದು ಕ್ರಮವು ಅರ್ಜಿದಾರರಿಗೆ ಬಹಳ ಉಪಯುಕ್ತವಾಗಿದೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲ ಆದರ್ಶ ಪ್ರಯೋಗವೊಂದನ್ನು ನಡೆಸಲು ಸಾಧ್ಯವಿದ್ದಿದ್ದರೆ ಅದು ಹೇಗಿರುತ್ತಿತ್ತು ಎಂದು ಮೊದಲು ಕಾಗದದ ಮೇಲೆ ಬರೆಯುವುದು, ನಂತರ ದಾಖಲೆಗಳಿಂದ ಅದನ್ನು ಆದಷ್ಟು ಅನುಸರಿಸುವುದು. ಯಾರನ್ನು ಸೇರಿಸಿಕೊಳ್ಳಲಾಗುವುದು, ಅವರಿಗೆ ನೀಡಲಾಗುವ ಚಿಕಿತ್ಸೆ ಅಥವಾ ಸೌಲಭ್ಯ ಯಾವುದು, ಅದನ್ನು ಯಾವುದರೊಂದಿಗೆ ಹೋಲಿಸಲಾಗುವುದು, ಎಣಿಕೆ ಯಾವ ದಿನದಿಂದ ಆರಂಭ, ಯಾವ ದಿನಕ್ಕೆ ಮುಕ್ತಾಯ, ಫಲಿತಾಂಶವೆಂದು ಯಾವುದನ್ನು ಪರಿಗಣಿಸಲಾಗುವುದು: ಇಷ್ಟಕ್ಕೆ ಉತ್ತರವಿದ್ದರೆ ಕಲಂ ತುಂಬಿದಂತೆಯೇ.

ಇವುಗಳಲ್ಲಿ ಎಣಿಕೆ ಆರಂಭದ ದಿನವನ್ನು ಅರ್ಜಿದಾರರು ಕಡೆಗಣಿಸುವುದು ಕಂಡುಬಂದಿದೆ. ಅದರ ಪರಿಣಾಮ ಏನೆಂಬುದನ್ನು ಎಲ್ಲರಿಗೂ ಪರಿಚಿತವಾದ ಕಬ್ಬಿಣಾಂಶದ ಮಾತ್ರೆಯ ಉದಾಹರಣೆಯಿಂದ ತಿಳಿಯಬಹುದು. ಗರ್ಭಿಣಿಯರಿಗೆ ದಿನಕ್ಕೆ ಒಂದರಂತೆ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ನೀಡಲಾಗುತ್ತದೆ. 180 ಮಾತ್ರೆ ಪೂರ್ಣಗೊಳಿಸಿದ ತಾಯಂದಿರನ್ನು ಪೂರ್ಣಗೊಳಿಸದವರೊಂದಿಗೆ ಹೋಲಿಸಿ, ಪೂರ್ಣಗೊಳಿಸಿದವರಲ್ಲಿ ಅವಧಿಪೂರ್ವ ಹೆರಿಗೆ ಬಹಳ ಕಡಿಮೆ, ಆದ್ದರಿಂದ ಮಾತ್ರೆಯು ಅವಧಿಪೂರ್ವ ಹೆರಿಗೆಯನ್ನು ತಡೆಯುತ್ತದೆ ಎಂದು ತೀರ್ಮಾನಿಸಿದರೆ ಹೇಗೆ? 14ನೇ ವಾರದಿಂದ ಮಾತ್ರೆ ಆರಂಭಿಸಿದರೆ 180 ದಿನ ಮುಗಿಯುವುದು 39ನೇ ವಾರದ ಕೊನೆಗೆ. 34ನೇ ವಾರದಲ್ಲಿ ಹೆರಿಗೆಯಾದ ತಾಯಿ ಒಂದು ದಿನವೂ ತಪ್ಪಿಸದೆ ನುಂಗಿದ್ದರೂ 140 ಮಾತ್ರೆಗಳನ್ನು ದಾಟಲಾರರು. ಅಂದರೆ ಹೆರಿಗೆ ತಡವಾಗಿ ಆದದ್ದರಿಂದ ಮಾತ್ರೆ ಪೂರ್ಣವಾಯಿತೇ ವಿನಾ ಮಾತ್ರೆ ಪೂರ್ಣವಾದದ್ದರಿಂದ ಹೆರಿಗೆ ತಡವಾಯಿತೆಂದು ಈ ಹೋಲಿಕೆಯಿಂದ ಹೇಳಲಾಗದು. ಮಾತ್ರೆಯಿಂದ ಪ್ರಯೋಜನವಿಲ್ಲವೆಂದೂ ಇದರಿಂದ ಅರ್ಥವಾಗುವುದಿಲ್ಲ. ರಕ್ತಹೀನತೆಗೆ ಅದು ಅಗತ್ಯವಾದದ್ದು. ಹೋಲಿಕೆಯಲ್ಲಿ ದೋಷವಿದೆ ಎಂದಷ್ಟೇ ಅರ್ಥ. 14ನೇ ವಾರದಲ್ಲಿ ಮಾತ್ರೆ ಆರಂಭಿಸಿದವರನ್ನು ಅದೇ ವಾರದಲ್ಲಿ ಆರಂಭಿಸದವರೊಂದಿಗೆ, ಅಂದಿನಿಂದಲೇ ಎಣಿಸುತ್ತಾ ಹೋಲಿಸಿದರೆ ಈ ದೋಷ ನಿವಾರಣೆಯಾಗುತ್ತದೆ.

ಹೀಗೆ ಬರೆದಾಗ ದಾಖಲೆಯ ಅಗತ್ಯವೂ ತಾನಾಗಿಯೇ ಸ್ಪಷ್ಟವಾಗುತ್ತದೆ. ಮೇಲಿನ ಪ್ರಶ್ನೆಗೆ ಮಾತ್ರೆಗಳ ಒಟ್ಟು ಸಂಖ್ಯೆ ಸಾಲದು, ಆರಂಭಿಸಿದ ದಿನಾಂಕ ಬೇಕು. ತಾಯಿ ಕಾರ್ಡಿನಲ್ಲಿ ಆ ದಿನಾಂಕ ಇದೆಯೇ ಎಂಬುದನ್ನು ಒಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತು ವಿಚಾರಿಸಿದರೆ ತಿಳಿಯುತ್ತದೆ. ಪ್ರವೇಶ ಪಡೆದ ಮೂರು ವರ್ಷಗಳ ನಂತರ ತಿಳಿದರೆ ಪ್ರಯೋಜನವಿಲ್ಲ.

ಉದ್ಯೋಗದಾತರ ನಿರಾಕ್ಷೇಪಣಾ ಪತ್ರ

ಪಿಎಚ್.ಡಿ. ಪದವಿಗೆ ಸಂಬಂಧಿಸಿದಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವು ದಿನಾಂಕ 7-11-2022ರಂದು ರಾಜ್ಯಪತ್ರದಲ್ಲಿ ಪ್ರಕಟಿಸಿದ ವಿನಿಯಮಗಳಲ್ಲಿ ಅರೆಕಾಲಿಕ ವ್ಯಾಸಂಗಕ್ಕೆ ಅವಕಾಶ ಕಲ್ಪಿಸಲಾಗಿದೆ. ಅರೆಕಾಲಿಕ ಅಭ್ಯರ್ಥಿಯು ತಾನು ಕೆಲಸ ಮಾಡುವ ಸಂಸ್ಥೆಯ ಸಕ್ಷಮ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆದು ಸಲ್ಲಿಸತಕ್ಕದ್ದು. ಅದರಲ್ಲಿ ಮೂರು ಅಂಶಗಳು ಸ್ಪಷ್ಟವಾಗಿರಬೇಕು: ಅರೆಕಾಲಿಕವಾಗಿ ವ್ಯಾಸಂಗ ಮಾಡಲು ಅನುಮತಿಸಿದೆ ಎಂಬುದು, ಸಂಶೋಧನೆಗೆ ಸಾಕಷ್ಟು ಸಮಯ ಮೀಸಲಿಡಲು ಅಭ್ಯರ್ಥಿಯ ಕರ್ತವ್ಯಗಳು ಅವಕಾಶ ನೀಡುತ್ತವೆ ಎಂಬುದು, ಮತ್ತು ಅಗತ್ಯಬಿದ್ದಲ್ಲಿ ಕೋರ್ಸ್‌ವರ್ಕ್ ಪೂರ್ಣಗೊಳಿಸಲು ಕರ್ತವ್ಯದಿಂದ ಬಿಡುಗಡೆಗೊಳಿಸಲಾಗುವುದು ಎಂಬುದು. 'ಆಕ್ಷೇಪಣೆ ಇರುವುದಿಲ್ಲ' ಎಂಬ ಒಂದೇ ಸಾಲಿನ ಪತ್ರಗಳು ವಿಶ್ವವಿದ್ಯಾಲಯಗಳಿಂದ ಹಿಂತಿರುಗಿ ಬಂದಿರುವ ಪ್ರಕರಣಗಳಿವೆ. ಸರ್ಕಾರಿ ನೌಕರರು ಕಚೇರಿ ಮುಖ್ಯಸ್ಥರ ಮುಖಾಂತರವೇ ಅರ್ಜಿ ಸಲ್ಲಿಸತಕ್ಕದ್ದು. ಪ್ರವೇಶ ಪಡೆದ ನಂತರ ಘಟನೋತ್ತರವಾಗಿ ಅನುಮತಿ ಕೋರುವುದು ಸೂಕ್ತವಲ್ಲ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದಾಗಿದ್ದು, ಸಂಶೋಧನೆ ಮತ್ತು ಪ್ರಕಟಣೆಯ ನೀತಿಯನ್ನು ಕುರಿತ ಪಠ್ಯವೂ ಅದರಲ್ಲಿ ಸೇರಿರುತ್ತದೆ. ಶೇ. 55 ಅಂಕ ಪಡೆಯುವುದು ಕಡ್ಡಾಯ. ಪ್ರತಿ ಸೆಮಿಸ್ಟರ್‌ನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗಿ ಪ್ರಗತಿಯನ್ನು ಮಂಡಿಸಬೇಕು. ಇವುಗಳಿಗೆ ತಗಲುವ ದಿನಗಳನ್ನು ಅರ್ಜಿಯಲ್ಲಿಯೇ ಅಂದಾಜು ಮಾಡಿ ತೋರಿಸಿದರೆ ರಜೆ ಮಂಜೂರಾತಿ ಪ್ರತ್ಯೇಕ ಕಡತವಾಗಿ ಅಲೆಯುವುದು ತಪ್ಪುತ್ತದೆ.

ಪ್ರವೇಶಕ್ಕೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳು ಅಗತ್ಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗ, ವಿಕಲಚೇತನರು ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ಸಡಿಲಿಕೆ ಇದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕಗಳನ್ನು ಪ್ರವೇಶಕ್ಕೆ ಪರಿಗಣಿಸಲು 2024-25ನೇ ಸಾಲಿನಿಂದ ಅವಕಾಶ ಮಾಡಲಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಜೈವಿಕ ಸಂಖ್ಯಾಶಾಸ್ತ್ರಕ್ಕೇ ಮೀಸಲಾದ ವಿಭಾಗವಿದೆ. ಮೈಸೂರು ಮತ್ತು ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ಅರೆಕಾಲಿಕ ಸ್ಥಾನ ಲಭ್ಯವಿದೆಯೇ ಎಂಬುದನ್ನು ಆಯಾ ವರ್ಷದ ಪ್ರವೇಶ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳತಕ್ಕದ್ದು. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನಡೆಸಲು 2022ರ ವಿನಿಯಮಗಳಲ್ಲಿ ಅವಕಾಶವಿಲ್ಲ. 'ಮನೆಯಲ್ಲಿಯೇ ಕುಳಿತು ಡಾಕ್ಟರೇಟ್' ಎಂಬ ಜಾಹೀರಾತುಗಳನ್ನು ನಂಬಿ ಶುಲ್ಕ ಪಾವತಿಸಬಾರದೆಂದು ತಿಳಿಸಲಾಗಿದೆ.

ಕಾಲಮಿತಿಯ ಲೆಕ್ಕ

ಪ್ರವೇಶ ಪಡೆದ ದಿನಾಂಕದಿಂದ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ವಿಶ್ವವಿದ್ಯಾಲಯದ ನಿಯಮಗಳಂತೆ ಮರುನೋಂದಣಿ ಮೂಲಕ ಇನ್ನೆರಡು ವರ್ಷ ದೊರೆಯಬಹುದು. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಉಳ್ಳವರಿಗೆ ಮತ್ತೆರಡು ವರ್ಷಗಳ ಅವಕಾಶವಿದ್ದು, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಮಹಿಳೆಯರಿಗೆ ಹೆರಿಗೆ ಅಥವಾ ಶಿಶುಪಾಲನೆಗಾಗಿ 240 ದಿನಗಳ ರಜೆಯೂ ಲಭ್ಯ.

ಅರೆಕಾಲಿಕರಿಗೂ ಪೂರ್ಣಾವಧಿಯವರಿಗೂ ಮಿತಿ ಒಂದೇ ಎಂಬುದನ್ನು ಗಮನಿಸಬೇಕು. ಪೂರ್ಣಾವಧಿ ಸಂಶೋಧಕರು ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 48 ವಾರ ಕೆಲಸ ಮಾಡಿದರೆ ಮೂರು ವರ್ಷಗಳಲ್ಲಿ 5,760 ಗಂಟೆಗಳಾಗುತ್ತವೆ. ಕಚೇರಿ ಮುಗಿಸಿ ಬಂದು, ಭಾನುವಾರವೂ ಸೇರಿ, ವಾರಕ್ಕೆ 10 ಗಂಟೆ ಮೀಸಲಿಡುವ ನೌಕರರಿಗೆ ಆರು ವರ್ಷಗಳಲ್ಲಿ ದೊರೆಯುವುದು 2,880 ಗಂಟೆ. ಅಂದರೆ ಇಮ್ಮಡಿ ಕಾಲದಲ್ಲಿ ಅರ್ಧ ದುಡಿಮೆ. ಮನೆಯ ಜವಾಬ್ದಾರಿ, ಚುನಾವಣಾ ಕರ್ತವ್ಯ, ಜನಗಣತಿ, ಮಾರ್ಚ್ ತಿಂಗಳ ಲೆಕ್ಕಗಳು ಇದರಲ್ಲಿ ಕಳೆದಿಲ್ಲ. ಆದ್ದರಿಂದ ಪ್ರಶ್ನೆಯ ಗಾತ್ರವೂ ಅದಕ್ಕೆ ತಕ್ಕಂತಿರಬೇಕು. ಮೂವತ್ತು ಜಿಲ್ಲೆಗಳ ಹತ್ತು ಯೋಜನೆಗಳಿಗಿಂತ ಒಂದು ಯೋಜನೆ, ಒಂದು ಹೋಲಿಕೆ, ಒಂದು ಫಲಿತಾಂಶ ಲೇಸು.

ನೈತಿಕ ಸಮಿತಿ ಮತ್ತು ದಾಖಲೆಗಳು

ಮನುಷ್ಯರಿಗೆ ಸಂಬಂಧಿಸಿದ ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳಂತೆ ನೈತಿಕ ಸಮಿತಿಯ ಪರಿಶೀಲನೆ ಅಗತ್ಯ. 'ನಾನು ಯಾರನ್ನೂ ಭೇಟಿಯಾಗುತ್ತಿಲ್ಲ, ಹಳೆಯ ದಾಖಲೆ ಮಾತ್ರ ನೋಡುತ್ತೇನೆ' ಎಂಬ ಕಾರಣಕ್ಕೆ ಅನೇಕರು ಸಮಿತಿಯ ಮುಂದೆ ಹೋಗುವುದಿಲ್ಲ. ಅಪಾಯ ತೀರ ಕಡಿಮೆ ಇರುವ ಅಧ್ಯಯನಗಳಿಗೆ ವಿನಾಯಿತಿ ದೊರೆಯಬಹುದಾದರೂ, ವಿನಾಯಿತಿ ಕೊಡುವವರು ಸಮಿತಿಯವರೇ ಹೊರತು ಸಂಶೋಧಕರಲ್ಲ. ಜನರಿಗೆ ಚಿಕಿತ್ಸೆ ನೀಡಿ ಪರೀಕ್ಷಿಸುವ ಪ್ರಯೋಗವಾದಲ್ಲಿ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸತಕ್ಕದ್ದು.

ಕರ್ತವ್ಯದ ನಿಮಿತ್ತ ರೋಗಿಗಳ ದಾಖಲೆ ನೋಡುವ ನೌಕರರು ಒಂದು ವಿಷಯವನ್ನು ಸ್ಪಷ್ಟವಾಗಿ ಅರಿತಿರಬೇಕು. ಕರ್ತವ್ಯಕ್ಕಾಗಿ ನೋಡುವ ಅಧಿಕಾರವು ಸಂಶೋಧನೆಗಾಗಿ ಬಳಸುವ ಅಧಿಕಾರವಲ್ಲ. ಕಚೇರಿಯ ಕಂಪ್ಯೂಟರಿನಿಂದ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮನೆಗೆ ಒಯ್ಯುವುದು, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಶಿಸ್ತುಕ್ರಮಕ್ಕೆ ದಾರಿಯಾಗಬಹುದು. ಹೆಸರು ತೆಗೆದುಹಾಕಿದರೆ ಸಾಕೆಂಬ ಭಾವನೆಯೂ ಸರಿಯಲ್ಲ. ನೂರು ಮನೆಗಳ ಗ್ರಾಮವೊಂದರಲ್ಲಿ '27 ವರ್ಷ, ಎರಡನೇ ಹೆರಿಗೆ, ಮಾರ್ಚ್ 12ರಂದು ಮರಣ' ಎಂದು ಬರೆದರೆ ಆ ತಾಯಿ ಯಾರೆಂದು ಊರಿನವರಿಗೆಲ್ಲ ತಿಳಿಯುತ್ತದೆ. ಗ್ರಾಮದ ಬದಲು ತಾಲ್ಲೂಕು, ದಿನಾಂಕದ ಬದಲು ಪ್ರವೇಶದಿಂದ ಎಷ್ಟನೇ ದಿನ ಎಂಬ ಸಂಖ್ಯೆ ಸಾಕಾಗುವುದಾದರೆ ಅಷ್ಟನ್ನೇ ಕೋರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರೀಯ ಉದ್ದೇಶಗಳಿಗೆ ನೀಡಿರುವ ವಿನಾಯಿತಿಯೂ ಷರತ್ತುಬದ್ಧವಾದುದು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಿ ರೋಗಿವಾರು ವಿವರ ಕೋರುವ ಸಂಶೋಧಕರೂ ಇದ್ದಾರೆ; ವೈಯಕ್ತಿಕ ಮಾಹಿತಿಯನ್ನು ಸದರಿ ಅಧಿನಿಯಮದ ಕಲಂ 8(1)(ಜೆ) ಅಡಿಯಲ್ಲಿ ನಿರಾಕರಿಸಲಾಗುವುದರಿಂದ ಹತ್ತು ರೂಪಾಯಿ ಶುಲ್ಕದ ಜೊತೆಗೆ ತಿಂಗಳುಗಟ್ಟಲೆ ಸಮಯವೂ ವ್ಯರ್ಥವಾಗುತ್ತದೆ.

ಸ್ವಂತವಾಗಿ ದಾಖಲೆ ಸಂಗ್ರಹಿಸಲು ಅವಕಾಶವಿಲ್ಲದವರು ಹೆಸರು ಕಳೆದು ಸಿದ್ಧಪಡಿಸಿದ ರಾಷ್ಟ್ರೀಯ ಸಮೀಕ್ಷೆಗಳನ್ನು ಪರಿಗಣಿಸಬಹುದು. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ನಡೆಸಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019-21) ಮತ್ತು 45 ವರ್ಷ ಮೇಲ್ಪಟ್ಟವರು ಹಾಗೂ ಅವರ ಸಂಗಾತಿಗಳು ಸೇರಿ 72,250 ಜನರನ್ನು ಒಳಗೊಂಡ ವೃದ್ಧಾಪ್ಯ ಸಮೀಕ್ಷೆಯ ಮೊದಲ ಸುತ್ತು (2017-18) ಇದಕ್ಕೆ ಉತ್ತಮ ಆಕರಗಳು. ವಿಶ್ಲೇಷಣೆಗೆ ಆರ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ದುಬಾರಿ ತಂತ್ರಾಂಶಕ್ಕಾಗಿ ಮುಂಗಡ ಕೋರುವ ಅಗತ್ಯವಿಲ್ಲ.

ಒಂದು ಕಡತ

ಹೆಸರು, ಸ್ಥಳ ನಮೂದಿಸದೆ ಒಂದು ಪ್ರಕರಣವನ್ನು ಇಲ್ಲಿ ತಿಳಿಸುವುದು ಉಚಿತವೆನಿಸುತ್ತದೆ. ಸಾಂಖ್ಯಿಕ ವೃಂದದ ಮಹಿಳಾ ನೌಕರರೊಬ್ಬರು, ಆಗ ಜಾರಿಯಲ್ಲಿದ್ದ 2016ರ ವಿನಿಯಮಗಳಡಿ, ಅಧಿಕ ರಕ್ತದೊತ್ತಡಕ್ಕೆ ಬೇಗ ಚಿಕಿತ್ಸೆ ಆರಂಭಿಸಿದರೆ ಪಾರ್ಶ್ವವಾಯು ಎಷ್ಟು ಕಡಿಮೆಯಾಗುತ್ತದೆ ಎಂಬ ವಿಷಯದಲ್ಲಿ ಪ್ರವೇಶ ಪಡೆದರು. ಅವರ ತಂದೆ ಪಾರ್ಶ್ವವಾಯುವಿಗೆ ತುತ್ತಾಗಿದ್ದರೆಂದು ಅರ್ಜಿಯ ಜೊತೆಗಿನ ಪತ್ರದಲ್ಲಿತ್ತು. ಮೊದಲ ವರ್ಷ ಕೋರ್ಸ್‌ವರ್ಕ್ ಮುಗಿಯಿತು. ಎರಡನೇ ವರ್ಷ ನೈತಿಕ ಸಮಿತಿಯು ಆಸ್ಪತ್ರೆಯ ಒಪ್ಪಿಗೆ ಪತ್ರ ಕೇಳಿತು. ಒಪ್ಪಿಗೆ ನೀಡಬೇಕಾದ ಅಧಿಕಾರಿ ವರ್ಗಾವಣೆಗೊಂಡರು. ನಂತರ ಬಂದವರು ಇಲಾಖೆಯ ಸ್ಪಷ್ಟೀಕರಣ ಕೋರಿದರು. ಆ ಪತ್ರ ಈ ಶಾಖೆಗೆ ಬಂತು. ಸಂಶೋಧನೆಯು ನೌಕರರ ಕರ್ತವ್ಯಕ್ಕೆ ಸಂಬಂಧಿಸಿದ್ದೇ ಎಂಬ ಪ್ರಶ್ನೆಯ ಮೇಲೆ ಕಡತವು ನಾಲ್ಕು ತಿಂಗಳು ಇಲ್ಲಿಯೇ ಉಳಿಯಿತು. ಟಿಪ್ಪಣಿ ಬರೆದವರಲ್ಲಿ ಈ ಪುಟವನ್ನು ಸಿದ್ಧಪಡಿಸಿದವರೂ ಒಬ್ಬರು. ಪ್ರಶ್ನೆ ಅಸ್ಪಷ್ಟವಾಗಿತ್ತೆಂಬುದು ನಿಜ, ಅದನ್ನು ಒಂದು ದೂರವಾಣಿ ಕರೆಯಲ್ಲಿ ಕೇಳಿ ತಿಳಿಯಬಹುದಿತ್ತೆಂಬುದೂ ನಿಜ.

ದಾಖಲೆಗಳು ದೊರೆತದ್ದು ನಾಲ್ಕನೇ ವರ್ಷದಲ್ಲಿ. ಚಿಕಿತ್ಸೆ ಆರಂಭಿಸಿದ ದಿನಾಂಕ ಅವುಗಳಲ್ಲಿ ಇರಲೇ ಇಲ್ಲ. ರೋಗಿ ಆಸ್ಪತ್ರೆಗೆ ಬಂದ ತಿಂಗಳು ಮಾತ್ರ ಇತ್ತು. ಯಾರು ಬೇಗ ಆರಂಭಿಸಿದರು, ಯಾರು ತಡವಾಗಿ ಎಂಬುದೇ ತಿಳಿಯದ ಮೇಲೆ ಮೂಲ ಪ್ರಶ್ನೆಗೆ ಉತ್ತರವಿಲ್ಲ. ಅವರು ವಿಷಯವನ್ನು ಕಿರಿದುಗೊಳಿಸಿ, ಬೇರೆ ಸಮೀಕ್ಷೆಯ ಅಂಕಿ-ಅಂಶ ಪಡೆದು, ಮಹಿಳೆಯರಿಗಿದ್ದ ಹೆಚ್ಚುವರಿ ಎರಡು ವರ್ಷಗಳನ್ನು ಬಳಸಿಕೊಂಡು ಎಂಟನೇ ವರ್ಷದಲ್ಲಿ ಮಹಾಪ್ರಬಂಧ ಸಲ್ಲಿಸಿದರು. ಪದವಿ ದೊರೆಯಿತು. ಆದರೆ ತಂದೆಯ ಕಾಯಿಲೆಯಿಂದ ಹುಟ್ಟಿದ ಆ ಮೊದಲ ಪ್ರಶ್ನೆ ಅಲ್ಲಿಯೇ ಉಳಿಯಿತು.

ಈ ಪ್ರಕರಣದ ನಂತರ, ಅಂಕಿ-ಅಂಶ ಕೋರುವ ಅರ್ಜಿಯೊಂದಿಗೆ ಬೇಕಾದ ಕಲಂಗಳ ಪಟ್ಟಿಯನ್ನು ಲಗತ್ತಿಸುವಂತೆ ಕೇಳಲಾಗುತ್ತಿದೆ. ಆ ಕಲಂಗಳು ದಾಖಲೆಯಲ್ಲಿ ಇವೆಯೇ, ಎಷ್ಟರ ಮಟ್ಟಿಗೆ ಭರ್ತಿಯಾಗಿವೆ ಎಂಬುದನ್ನು ಸಂಬಂಧಿಸಿದ ಕಚೇರಿಯಿಂದ ತಿಳಿದು ಉತ್ತರಿಸಲಾಗುವುದು. ರೋಗಿಗಳ ವಿವರಗಳು ಈ ಹಂತದಲ್ಲಿ ಹೊರಹೋಗುವುದಿಲ್ಲ. ಪ್ರವೇಶ ಪಡೆಯುವ ಮುನ್ನವೂ ಈ ವಿಚಾರಣೆ ಮಾಡಬಹುದು, ಅದಕ್ಕೆ ನಿರಾಕ್ಷೇಪಣಾ ಪತ್ರದ ಅಗತ್ಯವಿಲ್ಲ. ಅರ್ಜಿಯಲ್ಲಿ ಎಣಿಕೆ ಆರಂಭದ ದಿನವನ್ನು ಯಾವ ಕಲಂನಿಂದ ಗುರುತಿಸಲಾಗುವುದೆಂದು ತಪ್ಪದೇ ನಮೂದಿಸತಕ್ಕದ್ದು. ಅರ್ಜಿದಾರರ ದೂರವಾಣಿ ಸಂಖ್ಯೆಯನ್ನು ಬರೆಯಲು ಮರೆಯಬಾರದು. ಸಂದೇಹವಿದ್ದಲ್ಲಿ ಕಡತವನ್ನು ಹಿಂತಿರುಗಿಸುವ ಮೊದಲು ಶಾಖೆಯಿಂದಲೇ ಕರೆ ಮಾಡಲಾಗುವುದು.